ಬಿಟ್ಟು ಹೋದವನ ಪರವಾಗಿ

ಓದುಗರ ಪತ್ರ: "ನಾನು ಕಲಬುರಗಿಯಲ್ಲಿ ಡಿಗ್ರಿ ಕೊನೇ ವರ್ಷದಲ್ಲಿದ್ದೇನೆ. ಫುಟ್‌ಬಾಲ್ ಅಂದರೆ ನಮ್ಮ ಮನೆಯಲ್ಲಿ ಎಲ್ಲರೂ ಸ್ಪೇನಿನ ಬಾರ್ಸಿಲೋನಾ ತಂಡದ ಕಡೆಯವರು. 2000ದಲ್ಲಿ ಲೂಯಿಸ್ ಫಿಗೊ ಬಾರ್ಸಿಲೋನಾ ಬಿಟ್ಟು ಎದುರಾಳಿ ರಿಯಲ್ ಮ್ಯಾಡ್ರಿಡ್ ಸೇರಿದ ದಿನ ನಮ್ಮ ಮಾಮ ತನ್ನ ಏಳನೇ ನಂಬರಿನ ಜೆರ್ಸಿಯ ಮೇಲಿದ್ದ ಆ ಹೆಸರನ್ನು ಬ್ಲೇಡಿನಿಂದ ಕೆರೆದು ಹಾಕಿದ. ಆ ಜೆರ್ಸಿ ಇನ್ನೂ ಟ್ರಂಕಿನಲ್ಲಿದೆ. ನಾನು ಹುಟ್ಟಿದ್ದು 2004ರಲ್ಲಿ. ಆದರೂ ಆ ಹೆಸರು ಕಿವಿಗೆ ಬಿದ್ದರೆ ಮೈ ಉರಿಯುತ್ತದೆ. ಹಿಂದಿನ ಸಂಚಿಕೆಯಲ್ಲಿ ನೀವು, ಆಟಗಾರನೂ ದುಡಿದು ತಿನ್ನುವವನೇ ಎಂದು ಬರೆದಿರಿ. ಹಾಗಾದರೆ ಅವನನ್ನೇ ನಂಬಿ ಕೂಗಿದ ನಾವು ಯಾರು? ಈಚೆಗೆ ನಮ್ಮ ಕಾಲೋನಿ ತಂಡದ ಗೋಲ್‌ಕೀಪರನೂ ಎದುರಾಳಿ ತಂಡಕ್ಕೆ ಹೋದ. ನಾವು ಅವನ ಜೊತೆ ಮಾತು ಬಿಟ್ಟಿದ್ದೇವೆ."

ಉತ್ತರ:

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮಾಮನ ಜೆರ್ಸಿಯ ಸಂಗತಿಯನ್ನು ನೀವು ಬರೆದಿರುವ ರೀತಿ ಚೆನ್ನಾಗಿದೆ. ಬರವಣಿಗೆ ಬಿಡಬೇಡಿ. ನೋವು ಸುಳ್ಳು ಎಂದು ನಾನು ಹೇಳುವುದಿಲ್ಲ. ರಾತ್ರಿ ಒಂದೂವರೆಗೆ ಎದ್ದು, ಮನೆಯವರ ನಿದ್ದೆ ಕೆಡದಂತೆ ಟಿ.ವಿ.ಯ ದನಿ ತಗ್ಗಿಸಿ, ಸಾವಿರಾರು ಮೈಲಿ ಆಚೆಯ ಆಟಗಾರನಿಗಾಗಿ ಎದೆ ಹಿಡಿದುಕೊಂಡು ಕೂತವರಿಗೆ ನೋಯುವ ಹಕ್ಕಿದೆ. ಅದನ್ನು ಒಪ್ಪಿಕೊಂಡೇ ಮುಂದಿನ ಮಾತು ಹೇಳುತ್ತೇನೆ.

ಫಿಗೊ ಬಾರ್ಸಿಲೋನಾಕ್ಕೆ ಬಂದದ್ದು ಎಲ್ಲಿಂದ? 1995ರಲ್ಲಿ, ತಮ್ಮನ್ನು ಬೆಳೆಸಿದ ಲಿಸ್ಬನ್ನಿನ ಸ್ಪೋರ್ಟಿಂಗ್ ಕ್ಲಬ್ಬನ್ನು ಬಿಟ್ಟು. ಆಗ ಬಾರ್ಸಿಲೋನಾದ ಯಾರೂ ಅವರನ್ನು ದ್ರೋಹಿ ಎನ್ನಲಿಲ್ಲ, ಹೂವು ಹಾಕಿ ಕರೆದುಕೊಂಡರು. ಮರುವರ್ಷವೇ, 1996ರಲ್ಲಿ, ಲೂಯಿಸ್ ಎನ್ರಿಕೆ ನೇರ ರಿಯಲ್ ಮ್ಯಾಡ್ರಿಡ್‌ನಿಂದಲೇ ಬಾರ್ಸಿಲೋನಾಕ್ಕೆ ಬಂದರು. ಎಂಟು ವರ್ಷ ಆಡಿದರು, ನಾಯಕರಾದರು, ಮುಂದೆ ತರಬೇತುದಾರರಾಗಿ 2015ರಲ್ಲಿ ಮೂರು ಕಪ್ ಗೆಲ್ಲಿಸಿಕೊಟ್ಟರು. ನಿಮ್ಮ ಮಾಮ ಅವರ ಹೆಸರನ್ನು ಯಾವ ಬ್ಲೇಡಿನಿಂದಲೂ ಕೆರೆದಿರಲಿಕ್ಕಿಲ್ಲ. ನಮ್ಮ ಮನೆಗೆ ಬಂದವನು ಜಾಣ, ನಮ್ಮ ಮನೆ ಬಿಟ್ಟವನು ದ್ರೋಹಿ! ಈ ಲೆಕ್ಕ ಸರಿಯಲ್ಲ, ತಮ್ಮಾ.

ಮಿಕಾಯೆಲ್ ಲಾಡ್ರುಪ್ ಅವರನ್ನು ನೋಡಿ. 1994ರ ಜನವರಿಯಲ್ಲಿ ಬಾರ್ಸಿಲೋನಾ ಮ್ಯಾಡ್ರಿಡ್ ತಂಡವನ್ನು 5–0 ಸೋಲಿಸಿದಾಗ ಅವರು ಬಾರ್ಸಿಲೋನಾದಲ್ಲಿದ್ದರು. ಸರಿಯಾಗಿ ಒಂದು ವರ್ಷಕ್ಕೆ ಮ್ಯಾಡ್ರಿಡ್ ಅದೇ 5–0ಯನ್ನು ತಿರುಗಿಸಿ ಕೊಟ್ಟಾಗ ಮ್ಯಾಡ್ರಿಡ್‌ನಲ್ಲಿದ್ದರು. ಎರಡು ದಿನವೂ ಅವರು ಮಾಡಿದ್ದು ಒಂದೇ ಕೆಲಸ, ತಮಗೆ ಬರುವ ಆಟವನ್ನು ಮನಸಿಟ್ಟು ಆಡಿದ್ದು.

ಇನ್ನು 2000ದ ಜುಲೈನಲ್ಲಿ ನಡೆದದ್ದೇನು? ಮ್ಯಾಡ್ರಿಡ್ ಕ್ಲಬ್ಬಿನ ಅಧ್ಯಕ್ಷಗಿರಿಗೆ ಚುನಾವಣೆ ಇತ್ತು. ಫ್ಲೊರೆಂಟಿನೊ ಪೆರೆಜ್ ಎಂಬ ಕಟ್ಟಡ ಕಂಪನಿಯ ಧಣಿ, ಗೆದ್ದರೆ ಫಿಗೊ ಅವರನ್ನು ತರುತ್ತೇನೆ, ತರದಿದ್ದರೆ ಸದಸ್ಯರ ಚಂದಾ ನಾನೇ ಕಟ್ಟುತ್ತೇನೆ ಎಂದು ಮಾತು ಕೊಟ್ಟರು. ಅದೇ ವರ್ಷ ಯುರೋಪಿನ ಕಪ್ ಗೆದ್ದುಕೊಟ್ಟಿದ್ದ ಹಳೆಯ ಅಧ್ಯಕ್ಷರು ಸೋತರು. ಇಷ್ಟು ಕಟ್ಟಿದರೆ ಕ್ಲಬ್ ಆಟಗಾರನನ್ನು ಬಿಡಲೇಬೇಕು ಎಂದು ಒಪ್ಪಂದದಲ್ಲಿ ಬರೆದಿದ್ದ ಬಿಡುಗಡೆಯ ಮೊತ್ತ 1,000 ಕೋಟಿ ಪೆಸೆಟಾ, ಅಂದರೆ ಸುಮಾರು 6 ಕೋಟಿ ಯೂರೊ. ಅದನ್ನು ಕಟ್ಟಿದರು, ಆಟಗಾರ ಹೋದರು. ಬೆಲೆ ಬರೆದವರು ಒಬ್ಬರು, ಕಟ್ಟಿದವರು ಇನ್ನೊಬ್ಬರು, ಆದರೆ 2002ರ ನವೆಂಬರಿನಲ್ಲಿ ಬಾರ್ಸಿಲೋನಾದ ಮೈದಾನದಲ್ಲಿ ಕಾರ್ನರ್ ಹೊಡೆಯಲು ಹೋದಾಗ ಬಾಟಲಿಗಳೂ ಹಂದಿಯ ತಲೆಯೂ ತೂರಿ ಬಂದದ್ದು ಫಿಗೊ ಒಬ್ಬರ ಮೇಲೆ. ಆಟವನ್ನೇ ಕೆಲಹೊತ್ತು ನಿಲ್ಲಿಸಬೇಕಾಯಿತು. ಬೆಲೆಯ ಚೀಟಿ ಅಂಟಿಸಿದವರ ಮೇಲೆ ಯಾರೂ ಒಂದು ಕಡ್ಡಿ ಎಸೆಯಲಿಲ್ಲ.

ಇಟಲಿಯ ಫ್ಲಾರೆನ್ಸ್ ಊರಿನ ಜನ ಇದಕ್ಕಿಂತ ತಿಳಿದವರು. 1990ರಲ್ಲಿ ಅವರ ಕಣ್ಮಣಿ ರೊಬರ್ಟೊ ಬಾಜಿಯೊ ಅವರನ್ನು ಫಿಯೊರೆಂಟಿನಾ ಕ್ಲಬ್ ಕಡುವೈರಿ ಯುವೆಂಟಸ್‌ಗೆ ಮಾರಿತು. ಬೀದಿಯಲ್ಲಿ ಗಲಭೆಯಾಯಿತು, ಜನ ಗಾಯಗೊಂಡರು. ಗಲಭೆಯನ್ನು ನಾನು ಒಪ್ಪುವುದಿಲ್ಲ. ಆದರೆ ಆ ಕೋಪ ಹೋಗಿ ನಿಂತದ್ದು ಮಾರಿದ ಧಣಿಗಳ ಬಾಗಿಲಲ್ಲಿ. ಮರುವರ್ಷ ಯುವೆಂಟಸ್ ತಂಡದೊಂದಿಗೆ ಅದೇ ಊರಿಗೆ ಬಂದ ಬಾಜಿಯೊ, ತಮ್ಮ ತಂಡಕ್ಕೆ ಪೆನಾಲ್ಟಿ ಸಿಕ್ಕಾಗ ಹೊಡೆಯಲು ಒಪ್ಪಲಿಲ್ಲ. ಬೇರೆಯವರು ಹೊಡೆದರು, ಗೋಲಾಗಲಿಲ್ಲ, ಯುವೆಂಟಸ್ ಸೋತಿತು. ಮೈದಾನ ಬಿಟ್ಟು ಹೋಗುವಾಗ ಪ್ರೇಕ್ಷಕರು ಎಸೆದ, ಫಿಯೊರೆಂಟಿನಾದ ನೇರಳೆ ಬಣ್ಣದ ಶಾಲನ್ನು ಬಾಜಿಯೊ ಬಗ್ಗಿ ಎತ್ತಿಕೊಂಡರು. ಬಿಟ್ಟು ಹೋದವನ ಎದೆಯಲ್ಲಿ ಏನಿರುತ್ತದೆ ಎಂದು ನಿಮಗೆ ಯಾರಾದರೂ ಕೇಳಿದರೆ ಈ ಶಾಲಿನ ಕಥೆ ಹೇಳಿ.

1974ರ ಏಪ್ರಿಲ್ 27ರಂದು ಡೆನಿಸ್ ಲಾ ಅವರಿಗೂ ಇಂಥದೇ ದಿನ ಬಂದಿತ್ತು. ಹನ್ನೊಂದು ವರ್ಷ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಆಡಿದವರನ್ನು ಕ್ಲಬ್ಬೇ ಹಿಂದಿನ ವರ್ಷ ಕೈಬಿಟ್ಟಿತ್ತು. ಅವರು ಅದೇ ಊರಿನ ಸಿಟಿ ತಂಡ ಸೇರಿದ್ದರು. ಆ ದಿನ ಹಿಮ್ಮಡಿಯಲ್ಲಿ ತಳ್ಳಿದ ಚೆಂಡು ಯುನೈಟೆಡ್‌ನ ಗೋಲಿಗೆ ಹೋಯಿತು. ಲಾ ಕೈ ಎತ್ತಲಿಲ್ಲ, ತಲೆ ತಗ್ಗಿಸಿದರು. ಯುನೈಟೆಡ್ ಆ ವರ್ಷ ಕೆಳಗಿನ ದರ್ಜೆಗೆ ಇಳಿಯಿತು. ಬೇರೆ ಪಂದ್ಯಗಳ ಫಲಿತಾಂಶ ನೋಡಿದರೆ ಆ ಗೋಲು ಇಲ್ಲದಿದ್ದರೂ ಇಳಿಯುತ್ತಿತ್ತು.

ಆ ತಗ್ಗಿದ ತಲೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ, ಇಂಗ್ಲೆಂಡಿನಲ್ಲಲ್ಲ, ನಮ್ಮ ಕೋಟೆಯ ಕಂದಕದ ಆಚೆಗಿದ್ದ ಒಂದು ಬಯಲಿನಲ್ಲಿ. ನಾನಾಗ ಏಳನೇ ಇಯತ್ತೆ. ನಮ್ಮ ಓಣಿಯ ತಂಡದಲ್ಲಿ ಎಡಗಾಲಿನ ಆಟಗಾರನೊಬ್ಬ ಇದ್ದ, ನಾವೆಲ್ಲ ಅಣ್ಣಾ ಎನ್ನುತ್ತಿದ್ದೆವು. ಹಗಲೆಲ್ಲ ಗಂಜಿನಲ್ಲಿ ತೊಗರಿ ಚೀಲ ಹೊರುತ್ತಿದ್ದ, ಸಂಜೆ ಬರಿಗಾಲಿನಲ್ಲಿ ಆಡುತ್ತಿದ್ದ. ಒಂದು ಬೇಸಿಗೆ ಅವನು ಪಕ್ಕದ ಓಣಿಯ ತಂಡಕ್ಕೆ ಹೋದ. ಆ ತಂಡ ನಡೆಸುತ್ತಿದ್ದ ವ್ಯಾಪಾರಿ ಅವನನ್ನು ಚೀಲದ ಕೆಳಗಿಂದ ಎಬ್ಬಿಸಿ ಕಾಟಾದ ಮುಂದೆ, ತೂಕ ಬರೆಯುವ ಕೆಲಸಕ್ಕೆ ಕೂಡಿಸಿದ್ದ. ತಿಂಗಳ ಪಗಾರ. ಜೊತೆಗೆ ಒಂದು ಜೋಡಿ ಬೂಟು. ಫೈನಲ್‌ನಲ್ಲಿ ಅವನು ನಮ್ಮ ಮೇಲೆ ಗೋಲು ಹೊಡೆದ. ಕೈ ಎತ್ತಲಿಲ್ಲ. ನಾವು ಹುಡುಗರು ಬಾಯಿಗೆ ಬಂದದ್ದು ಬೈದೆವು, ನಮ್ಮೊಳಗಿನ ದೊಡ್ಡವರು ಚಪ್ಪಲಿ ತೂರಿದರು. ಎರಡು ವರ್ಷ ಓಣಿಯ ನಳದ ಹತ್ತಿರ ಅವನ ಹೆಂಡತಿಯನ್ನೂ ಯಾರೂ ಮಾತಾಡಿಸಲಿಲ್ಲ.

ಬಹಳ ವರ್ಷಗಳ ಮೇಲೆ ರೈಲ್ವೆ ಸ್ಟೇಷನ್ನಿನಲ್ಲಿ ಸಿಕ್ಕ. ಮಗನನ್ನು ಉದ್ಯಾನ ಎಕ್ಸ್‌ಪ್ರೆಸ್ಸಿಗೆ ಹತ್ತಿಸಲು ಬಂದಿದ್ದ. ನಾನು ತಪ್ಪಾಯಿತು ಎಂದೆ. "ನಿಮ್ಮ ಮ್ಯಾಲ ಸಿಟ್ಟಿಲ್ಲ ಬಿಡೋ ತಮ್ಮಾ. ಫೈನಲ್ಲಿಗೆ ನೀವು ಪಟಾಕಿಗೆ ಪಟ್ಟಿ ಎತ್ತಿದ್ರಿ. ನನ್ನ ಬೂಟಿಗೆ ಯಾರೂ ಎತ್ತಲಿಲ್ಲ" ಎಂದ. ಅಷ್ಟೇ ಹೇಳಿದ್ದು. ಮಗ ಕಿಟಕಿಯಿಂದ ಕರೆದ, ಅವನು ಆ ಕಡೆ ಹೋದ. ಅವತ್ತು ಪಟ್ಟಿಯ ಚೀಟಿ ಹಿಡಿದು ಮನೆಮನೆಗೆ ಹೋದವರಲ್ಲಿ ನಾನೂ ಒಬ್ಬ. ಹೊಟ್ಟೆಗೆ ಹಿಟ್ಟಿಲ್ಲದವನ ಜುಟ್ಟಿಗೆ ನಾವೇ ಮಲ್ಲಿಗೆ ಮುಡಿಸಲು ಹೋಗಿದ್ದೆವು. ನಾನು ಈ ವಿಷಯವನ್ನು ಮತ್ತೆ ಮತ್ತೆ ಬರೆಯುತ್ತೇನೆಂದು ಕೆಲವು ಓದುಗರಿಗೆ ಬೇಸರವಿದೆ. ಬರೆಯದೆ ಇರಲು ನನ್ನಿಂದಾಗುವುದಿಲ್ಲ.

ನಮ್ಮ ಸೀಮೆಯವರಿಗೆ ಇದು ಬೇರೆಯವರಿಗಿಂತ ಬೇಗ ಅರ್ಥವಾಗಬೇಕು. 1948ರ ತನಕ ನಾವು ಹೈದರಾಬಾದ್ ಸಂಸ್ಥಾನದವರು, ಆಮೇಲೆ 1956ರ ತನಕ ಹೈದರಾಬಾದ್ ರಾಜ್ಯದವರು. ಆ ಕಾಲಕ್ಕೆ ಹೈದರಾಬಾದ್ ಸಿಟಿ ಪೊಲೀಸ್ ತಂಡ ಅಂದರೆ ದೇಶವೇ ಎದ್ದು ನಿಲ್ಲುತ್ತಿತ್ತು. 1950ರಿಂದ 54ರ ತನಕ ಮುಂಬೈಯಲ್ಲಿ ನಡೆಯುತ್ತಿದ್ದ ದೊಡ್ಡ ಫುಟ್‌ಬಾಲ್ ಪಂದ್ಯಾವಳಿ ರೋವರ್ಸ್ ಕಪ್ಪನ್ನು ಸತತ ಐದು ಸಲ ಗೆದ್ದ ತಂಡ ಅದು. ಅದನ್ನು ಕಟ್ಟಿದ ಸೈಯದ್ ಅಬ್ದುಲ್ ರಹೀಮ್ ವೃತ್ತಿಯಿಂದ ಶಾಲಾ ಮಾಸ್ತರರು. ಅವರೇ ಭಾರತ ತಂಡವನ್ನು 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೂ 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನಕ್ಕೂ ಒಯ್ದವರು. ಆ ಎರಡೂ ತಂಡಗಳಲ್ಲಿದ್ದ ಸಿಕಂದರಾಬಾದಿನ ಬಡವರ ಮನೆಯ ಹುಡುಗ ತುಳಸೀದಾಸ್ ಬಲರಾಮ್ 1957ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದರು, 1961ರಲ್ಲಿ ಅದರ ನಾಯಕರಾದರು. ಬದುಕಿನ ಕೊನೆಯವರೆಗೂ ಬಂಗಾಳದ ಉತ್ತರಪಾರಾದಲ್ಲೇ ಉಳಿದರು, 2023ರಲ್ಲಿ ತೀರಿಕೊಂಡರು. ಅವರನ್ನು ಹೈದರಾಬಾದಿನ ದ್ರೋಹಿ ಎನ್ನೋಣವೇ? ಅದೇ ಸಿಕಂದರಾಬಾದಿನಲ್ಲಿ ಹುಟ್ಟಿದ ಸುನಿಲ್ ಛೆಟ್ರಿ ಮೋಹನ್ ಬಾಗಾನ್‌ಗೂ ಆಡಿದವರು, ಅದರ ಕಡುವೈರಿ ಈಸ್ಟ್ ಬೆಂಗಾಲ್‌ಗೂ ಆಡಿದವರು. 2013ರಲ್ಲಿ ಬೆಂಗಳೂರು ಎಫ್‌ಸಿಗೆ ಬಂದ ಮೇಲೆ ನಾವೆಲ್ಲ ಅವರನ್ನು 'ನಮ್ಮವರು' ಎಂದೆವು. ಬಿಟ್ಟು ಬಂದದ್ದರಿಂದಲೇ ತಾನೆ ಅವರು ನಮಗೆ ಸಿಕ್ಕಿದ್ದು?

ಬಿಟ್ಟು ಹೋಗುವ ಹಕ್ಕು ಆಟಗಾರರಿಗೆ ಪುಕ್ಕಟೆ ಬಂದದ್ದಲ್ಲ. ಬೆಲ್ಜಿಯಮ್ಮಿನ ಜಾನ್ ಮಾರ್ಕ್ ಬೋಸ್ಮನ್ ಅವರ ಒಪ್ಪಂದ 1990ರಲ್ಲಿ ಮುಗಿದಿತ್ತು. ಆದರೂ ಕ್ಲಬ್ ಬಿಡಲಿಲ್ಲ, ಫ್ರಾನ್ಸಿನ ತಂಡದಿಂದ ಹಣ ಕೇಳಿತು, ಇಲ್ಲೇ ಇದ್ದರೆ ಸಂಬಳ ಕಡಿತ ಎಂದಿತು. ಐದು ವರ್ಷ ಕೋರ್ಟು ಅಲೆದ ಮೇಲೆ 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ತೀರ್ಪು ಕೊಟ್ಟಿತು: ಒಪ್ಪಂದ ಮುಗಿದ ಆಟಗಾರ ಯಾರ ಸೊತ್ತೂ ಅಲ್ಲ. ಆ ತೀರ್ಪಿನಿಂದ ಸಾವಿರಾರು ಆಟಗಾರರು ಶ್ರೀಮಂತರಾದರು. ಬೋಸ್ಮನ್ ಮಾತ್ರ ಆಟವನ್ನೂ ಕಳೆದುಕೊಂಡು ಬಡತನಕ್ಕೆ ಬಿದ್ದರು. ಜೆರ್ಸಿಯ ಬೆನ್ನ ಮೇಲೆ ಬರೆಸಿಕೊಳ್ಳಬೇಕಾದ ಹೆಸರು ಅದು.

ಈಗ ನಿಮ್ಮನ್ನು ಸ್ವಲ್ಪ ಗದರಿಸುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಸುಗ್ಗಿ ಮುಗಿದ ಮೇಲೆ ಕಲಬುರಗಿ, ಯಾದಗಿರಿ ಸ್ಟೇಷನ್ನುಗಳಿಗೆ ಒಮ್ಮೆ ಹೋಗಿ ನೋಡಿ. ಪ್ಲಾಟ್‌ಫಾರ್ಮಿನ ತುಂಬ ರೊಟ್ಟಿ ಗಂಟು, ಹಾಸಿಗೆ ಸುರುಳಿ, ಕಂಕುಳಲ್ಲಿ ಕೂಸು. ತಾಂಡಾಗಳಿಂದ, ಹಳ್ಳಿಗಳಿಂದ ಜನ ಮುಂಬೈ, ಪುಣೆ, ಬೆಂಗಳೂರಿಗೆ ಗುಳೆ ಹೊರಟಿರುತ್ತಾರೆ. ಅವರ ಹಿಂದೆ ಊರು ಏನೆನ್ನುತ್ತದೆ ಗೊತ್ತೆ? "ಮಣ್ಣಿನ ಮ್ಯಾಲ ಪ್ರೀತಿ ಇಲ್ಲ" ಎನ್ನುತ್ತದೆ. ಇರು ಎನ್ನಲು ಊರು ಕೂಲಿ ಕೊಟ್ಟಿತ್ತೆ, ಹೊಲಕ್ಕೆ ನೀರು ಕೊಟ್ಟಿತ್ತೆ? ಒಂದು ಕಾಲಕ್ಕೆ ಸಾವಿರಾರು ಮನೆಗಳ ಒಲೆ ಉರಿಸಿದ ಕಲಬುರಗಿಯ ಎಂಎಸ್‌ಕೆ ಬಟ್ಟೆ ಮಿಲ್ಲು ಮುಚ್ಚಿ ಹೋಗಿದೆ. ಅದರ ಹೆಸರು ಬಡಾವಣೆಗೆ, ಸಿಟಿ ಬಸ್ಸಿನ ಬೋರ್ಡಿಗೆ ಉಳಿದಿದೆ. ನಮ್ಮ ಸೀಮೆಗೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದು ಹತ್ತು ವರ್ಷ ದಾಟಿತು. ನೇಮಕಾತಿಯ ಮೀಸಲಾತಿಯಿಂದ ಎಷ್ಟೋ ಮನೆಗೆ ಬೆಳಕು ಬಂದಿದೆ, ಅದಕ್ಕೆ ನಾನು ಕೃತಜ್ಞ. ಆದರೆ ಹುದ್ದೆಗಳೇ ಖಾಲಿ ಬಿದ್ದರೆ ಮೀಸಲಾತಿ ಯಾರ ಹೊಟ್ಟೆ ತುಂಬಿಸೀತು?

ಆಟದ ಮಾತೂ ಇಷ್ಟೇ. ಮೈದಾನಗಳು ವರ್ಷದ ಅರ್ಧ ದಿನ ಸಮಾವೇಶಕ್ಕೆ, ವಸ್ತುಪ್ರದರ್ಶನಕ್ಕೆ ಹೋಗುತ್ತವೆ. ಪೆಂಡಾಲು ಕಿತ್ತ ಮೇಲೆ ಗೂಟದ ತೂತುಗಳಲ್ಲಿ ಕಾಲು ಸಿಕ್ಕು ಉಳುಕಿಸಿಕೊಳ್ಳುವವರು ನಮ್ಮ ಹುಡುಗರೇ. ಚೆನ್ನಾಗಿ ಆಡುವ ಹುಡುಗ ಹದಿನೈದು ತುಂಬುವುದರೊಳಗೆ ಹೈದರಾಬಾದಿಗೋ ಬೆಂಗಳೂರಿಗೋ ಹೋಗಲೇಬೇಕು. ಹೋದ ಮೇಲೆ ಅವನು 'ನಮ್ಮನ್ನು ಮರೆತವನು'. ಅವನಿಗೆ ಕಪ್ ಬಂದ ದಿನ ಮಾತ್ರ ಚೌಕದಲ್ಲಿ ಫ್ಲೆಕ್ಸು.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಫಿಗೊ ಅಲ್ಲ, ಕೊನೆಯಲ್ಲಿ ಬಂದ ಆ ಗೋಲ್‌ಕೀಪರ್. ಅವನಿಗೆ ನೀವು ಎರಡು ಸಾಲು ಕೊಟ್ಟಿದ್ದೀರಿ, ಮಾಮನ ಜೆರ್ಸಿಗೆ ಅದಕ್ಕಿಂತ ಹೆಚ್ಚು. ಅವನ ಮನೆಯಲ್ಲಿ ಎಷ್ಟು ಜನ, ಹಗಲು ಏನು ಕೆಲಸ ಮಾಡುತ್ತಾನೆ, ಕೈಗವಸು ಯಾರು ಕೊಡಿಸಿದ್ದರು, ಹೋದ ವರ್ಷ ಬೆರಳು ಮುರಿದುಕೊಂಡಿದ್ದರೆ ದವಾಖಾನೆಗೆ ಯಾರು ಕರೆದೊಯ್ದರು, ಇದೊಂದೂ ಪತ್ರದಲ್ಲಿಲ್ಲ. ಈ ಭಾನುವಾರ ಅವನ ಮನೆಗೆ ಹೋಗಿ. ಚಹಾ ಕೊಟ್ಟರೆ ಕುಡಿಯಿರಿ, ಕೊಡದಿದ್ದರೂ ಕೂತು ಕೇಳಿ. ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಅವನಿಗಾಗಿ ಬಿಟ್ಟಿರುತ್ತೇನೆ.

— ಸಂಪಾದಕ