ಇಲಿಮರಿ ಹುಟ್ಟುವಾಗ ಬೋಳು, ಆದರೆ ಬುಡ ತಯಾರು

ಲ್ಯಾಬಿನ ಇಲಿಮರಿ ಬೋಳಾಗಿ ಹುಟ್ಟುತ್ತದೆ, ಹಾಗಾದರೆ ಕೂದಲಿನ ಬುಡ ಆಮೇಲೆ ಬರುತ್ತದಾ ಅಂತ ಕೇಳಿದ್ದೀರಿ. ಇಲ್ಲ, ಹೊಟ್ಟೆಯಲ್ಲೇ ಶುರುವಾಗಿರುತ್ತದೆ. ನಮ್ಮ ಶಿರಸಿ ಮನೆಯ ಅಟ್ಟದಲ್ಲಿ ಅಡಿಕೆ ಚೀಲ ಸರಿಸಿದರೆ ಸಿಗುವ ಗುಲಾಬಿ ಬಣ್ಣದ ಮರಿಗಳದ್ದೂ ಇದೇ ಕಥೆ, ಪಾಪ.

ಇಲಿಯ ಬಸಿರು ಸುಮಾರು 20 ದಿನ. ಮೀಸೆಯ ಬುಡ ಮೊದಲು. ಮೈಮೇಲಿನ ಉದ್ದ ಕೂದಲಿನದು 14ನೇ ದಿನದ ಹೊತ್ತಿಗೆ. ಚರ್ಮದ ಮೇಲ್ಪದರ ಅಲ್ಲಲ್ಲಿ ಚುಕ್ಕೆಯಂತೆ ದಪ್ಪಗಾಗುತ್ತದೆ, ಅದರಡಿ ಜೀವಕೋಶಗಳು ಗುಂಪು ಸೇರುತ್ತವೆ. ಎರಡೂ ಕಡೆಯಿಂದ ಸಂಕೇತ ಓಡಾಡಿ, ಚುಕ್ಕೆ ಒಳಗಿಳಿದು ಕೂದಲಿನ ಬುಡವಾಗುತ್ತದೆ. ಇದರಲ್ಲಿ ವಿಂಟ್ (Wnt) ಅನ್ನುವ ಪ್ರೋಟೀನುಗಳ ಸಂಕೇತವೇ ಮುಖ್ಯ. ಅದನ್ನು ತಡೆದರೆ ಚುಕ್ಕೆಯೇ ಮೂಡುವುದಿಲ್ಲ. ಅಂಕುಡೊಂಕು ಕೂದಲಿನ ಬುಡ ಕೊನೆಗೆ, ಹುಟ್ಟುವ ಹೊತ್ತಿಗೆ. ತುಪ್ಪಳದಲ್ಲಿ ಜಾಸ್ತಿ ಇರೋದು ಅದೇ. ಹುಟ್ಟಿ ಐದಾರು ದಿನಕ್ಕೆ ಕೂದಲು ಹೊರಗೆ ಕಾಣುತ್ತದೆ.