ಪೊದೆ ಮೆಣಸಿನ ಗಿಡಕ್ಕೆ ಬಂದ 'ಮಿಲಿಟರಿ ಗಿರಾಕಿ'ಯ ಬಗ್ಗೆ

ಹೆಗಡೆಯವರೆ, ನಿಮ್ಮ ನರ್ಸರಿಯ ಪೊದೆ ಮೆಣಸಿನ (ಬಳ್ಳಿಯಾಗಿ ಹಬ್ಬದೆ ಪೊದೆಯಂತೆ ಬೆಳೆಯುವ ಕಾಳುಮೆಣಸಿನ) ಗಿಡಗಳನ್ನು ಫೇಸ್‌ಬುಕ್‌ನಲ್ಲಿ ನೋಡಿದ ಅಪರಿಚಿತರೊಬ್ಬರು ತಾವು ಕಾರವಾರದ ನೌಕಾನೆಲೆಯ ಅಧಿಕಾರಿ ಎಂದು ಹೇಳಿಕೊಂಡು, ಇನ್ನೂರು ಗಿಡಗಳ ಮುಂಗಡಕ್ಕಾಗಿ ಕ್ಯೂಆರ್ ಕೋಡ್ ಕಳುಹಿಸಿದ್ದಾರೆ, ಅದನ್ನು ಸ್ಕ್ಯಾನ್ ಮಾಡಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಮಾಡಬೇಡಿ.

ಯುಪಿಐ ಮೂಲಕ ಹಣ ಪಡೆಯುವವರು ಕೋಡ್ ಸ್ಕ್ಯಾನ್ ಮಾಡಬೇಕಾಗಿಲ್ಲ, ಪಿನ್ ಒತ್ತಬೇಕಾಗಿಯೂ ಇಲ್ಲ. ಖಾತೆಯ ಬಾಕಿ ನೋಡುವಂಥ ಕೆಲಸಗಳನ್ನು ಬಿಟ್ಟರೆ, ಪಿನ್ ಒತ್ತುವುದೆಂದರೆ ನಮ್ಮ ಹಣ ಹೊರಗೆ ಹೋಗಲು ಒಪ್ಪಿಗೆ ಕೊಟ್ಟಂತೆಯೇ. ಈ ವಂಚಕರು ಕೆಲವೊಮ್ಮೆ 'ಪರೀಕ್ಷೆಗೆ ಐದು ರೂಪಾಯಿ ಹಾಕಿ, ಹತ್ತು ರೂಪಾಯಿ ವಾಪಸು ಬರುತ್ತದೆ' ಎಂದು ಹೇಳಿ ನಿಜವಾಗಿಯೂ ಹತ್ತು ರೂಪಾಯಿ ಕಳುಹಿಸುತ್ತಾರೆ. ಅದನ್ನು ನಂಬಿ ಮುಂದಿನ ಸಲ ಸಾವಿರಗಳಲ್ಲಿ ಹಾಕಿದರೆ ಆ ಹಣ ಮರಳುವುದಿಲ್ಲ.

ಸೇನೆಯ ಹೆಸರನ್ನು ಹೇಳಿಕೊಂಡು ನಡೆಯುವ ಈ ಮೋಸ ದೇಶದ ಎಲ್ಲ ಕಡೆಯೂ ಇದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾರವಾರದ ಈ ಸೀಬರ್ಡ್ ನೌಕಾನೆಲೆ ಎಲ್ಲರಿಗೂ ಗೊತ್ತಿರುವುದರಿಂದ ಆ ಮಾತು ಇನ್ನಷ್ಟು ಸಲೀಸಾಗಿ ನಂಬಿಕೆ ಹುಟ್ಟಿಸುತ್ತದೆ, ಅಷ್ಟೆ. ಅವರು ಕಳುಹಿಸಿದ ಗುರುತಿನ ಚೀಟಿಯ ಫೋಟೋಕ್ಕೆ ಬೆಲೆ ಕೊಡಬೇಡಿ; ಅದು ಬೇರೆ ಯಾರಿಂದಲೋ ಕದ್ದದ್ದೂ ಆಗಿರಬಹುದು, ತಿದ್ದಿದ್ದೂ ಆಗಿರಬಹುದು.

ಮುಖಕ್ಕಿಂತ ಮಾತಿನ ದಾರಿಯನ್ನು ಗಮನಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ. ನಿಜವಾಗಿ ಗಿಡ ಬೇಕಾದವರು ಅದು ಪನ್ನಿಯೂರು ತಳಿಯೋ ಕರಿಮುಂಡ ತಳಿಯೋ, ಹಿಪ್ಪಲಿಯ ಮೇಲೆ ಕಸಿ ಕಟ್ಟಿದ್ದೋ ಅಥವಾ ಅಡ್ಡಕವಲಿಗೇ ಬೇರು ಬರಿಸಿದ್ದೋ, ಎಷ್ಟು ತಿಂಗಳಿನದು, ಘಟ್ಟ ಇಳಿಸುವಾಗ ಬಾಡದೆ ಉಳಿಯುವುದೇ ಎಂದು ಕೇಳುತ್ತಾರೆ, ಕೊನೆಗೆ ದರದಲ್ಲಿ ಎಳೆದಾಡುತ್ತಾರೆ. (ನಮ್ಮ ಕಡೆ ಚೌಕಾಶಿ ಮಾಡದೆ ಇನ್ನೂರು ಗಿಡ ಒಯ್ಯುವ ಗಿರಾಕಿಯನ್ನು ನಾನಂತೂ ಕಂಡಿಲ್ಲ.) ನೀವು ಹಾಕಿರುವ ಚಾಟ್‌ನಲ್ಲಿ ಗಿಡದ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ; ಯಾವ ಆ್ಯಪ್ ಬಳಸುತ್ತೀರಿ, ಖಾತೆಯಲ್ಲಿ ಹಣ ಇದೆಯೇ, ಈಗಲೇ ಮಾಡಿ ಎಂಬ ಅವಸರವೇ ಉದ್ದಕ್ಕೂ ಇದೆ.

ಇನ್ನು 'ತಪ್ಪಿ ಹೆಚ್ಚು ಹಣ ಹಾಕಿದ್ದೇನೆ, ಉಳಿದದ್ದು ಹಿಂದಿರುಗಿಸಿ' ಎಂಬ ಕರೆ ಬಂದರೆ ಎಸ್‌ಎಂಎಸ್ ನಂಬದೆ, ಹಣ ನಿಜವಾಗಿ ಜಮೆಯಾಗಿದೆಯೇ ಎಂದು ಬ್ಯಾಂಕ್ ಖಾತೆಯಲ್ಲಿಯೇ ನೋಡಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲನ್ನು (ಫೋನಿಗೆ ಆ್ಯಪ್ ಹಾಕುವ ಫೈಲ್), ಅದಕ್ಕೆ ಪಿಎಂ ಕಿಸಾನ್ ಎಂಬ ಹೆಸರಿದ್ದರೂ, ತೆರೆಯಬೇಡಿ.

ಆ ವ್ಯಕ್ತಿಯನ್ನು ಬ್ಲಾಕ್ ಮಾಡುವ ಮೊದಲು ಚಾಟ್, ಪ್ರೊಫೈಲ್ ಲಿಂಕ್ ಮತ್ತು ಫೋನ್ ಸಂಖ್ಯೆಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಹಣ ಹೋಗಿಲ್ಲದಿದ್ದರೂ ಇಂಥ ಕರೆಗಳನ್ನು ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದ 'ಚಕ್ಷು' ವಿಭಾಗದಲ್ಲಿ ತಿಳಿಸಬಹುದು. ಒಂದು ವೇಳೆ ಮನೆಯಲ್ಲಿ ಬೇರೆ ಯಾರಾದರೂ ಈಗಾಗಲೇ ಪಿನ್ ಒತ್ತಿದ್ದರೆ, ನಾಳೆ ಶಿರಸಿಗೆ ಹೋಗಿ ಬ್ಯಾಂಕಿನಲ್ಲಿ ವಿಚಾರಿಸೋಣ ಎಂದು ಕಾಯದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ವಹಿವಾಟಿನ ಸಂಖ್ಯೆಯನ್ನು ಕೊಡಿ. ವಂಚಕರು ಹಣವನ್ನು ಖಾತೆಯಿಂದ ಖಾತೆಗೆ ಸಾಗಿಸಿ ಹೊರತೆಗೆಯುವ ಮೊದಲು ದೂರು ತಲುಪಿದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.