ಓಲ್ಡ್ ಫ್ಯಾಷನ್ಡ್ ಕಾಕ್‌ಟೇಲ್: ಲೋಟದ ತಳದಲ್ಲಿ ಸಕ್ಕರೆ ಉಳಿದರೆ
ನೀವು ಮಾಡಿದ ಓಲ್ಡ್ ಫ್ಯಾಷನ್ಡ್ (ವಿಸ್ಕಿಗೆ ಸಕ್ಕರೆ, ಬಿಟರ್ಸ್ ಸೇರಿಸಿ ಮಾಡುವ ಕಾಕ್‌ಟೇಲ್) ಮೊದಲ ಗುಟುಕು ಕಟು, ಕೊನೆಗೆ ತಳದಲ್ಲಿ ಬರೀ ಸಕ್ಕರೆ ಅಂದಿರಲ್ಲ, ಬಹುಶಃ ಸಕ್ಕರೆಯ ಮೇಲೆ ನೇರವಾಗಿ ವಿಸ್ಕಿ ಸುರಿದಿದ್ದೀರಿ. ಮದ್ಯದಲ್ಲಿ ಸಕ್ಕರೆ ಸರಿಯಾಗಿ ಕರಗುವುದಿಲ್ಲ, ಐಸ್ ಬಿದ್ದಮೇಲಂತೂ ಇನ್ನೂ ಕಷ್ಟ.

ತೀರ್ಥಹಳ್ಳಿ ಕಡೆಯವರು ಅಂದಿರಿ, ಮನೆಯಲ್ಲಿ ಜೋನಿ ಬೆಲ್ಲ (ಪಾಕದಂಥ ನೀರು ಬೆಲ್ಲ) ಇರುತ್ತದೆ ಅಲ್ವಾ? ಅದನ್ನೇ ಬಳಸಿ. ಅಷ್ಟೇ ಬಿಸಿನೀರಲ್ಲಿ ಕಲಸಿ, ಆರಿಸಿ, ಒಂದು ಟೀ ಚಮಚ ಲೋಟಕ್ಕೆ ಹಾಕಿ. ಬಣ್ಣ ಸ್ವಲ್ಪ ಕಪ್ಪಾಗುತ್ತದೆ, ಪರವಾಗಿಲ್ಲ. ಅಂಗೊಸ್ಟುರಾ ಬಿಟರ್ಸ್ (ಗಿಡಮೂಲಿಕೆ, ಮಸಾಲೆಗಳ ಕಹಿ ದ್ರವ) ಎರಡು ಸಲ ಕೊಡವಿ. ಆಮೇಲೆ 60 ಎಂಎಲ್ ವಿಸ್ಕಿ, ದೊಡ್ಡ ಐಸ್ ತುಂಡು. ಅರ್ಧ ನಿಮಿಷ ನಿಧಾನವಾಗಿ ತಿರುಗಿಸಿ, ಕುಲುಕಬೇಡಿ. ಕಿತ್ತಳೆ ಸಿಪ್ಪೆಯನ್ನು ಒಳಗಿನ ಬಿಳಿ ಬರದಂತೆ ತೆಳ್ಳಗೆ ಹೆರೆದು, ಲೋಟದ ಮೇಲೆ ಹಿಂಡಿ. ಎಣ್ಣೆ ಸಣ್ಣಗೆ ಚಿಮ್ಮಬೇಕು, ಘಮವೆಲ್ಲ ಅದರದ್ದೇ.

ಯಾವ ವಿಸ್ಕಿ ಅಂತ ನೀವು ಹೇಳಿಲ್ಲ. ಮೊದಲೇ ಸಿಹಿ ಇರುವಂಥದ್ದಾದರೆ ಬೆಲ್ಲ ಅರ್ಧ ಚಮಚ ಸಾಕಾಗಬಹುದು.